ಬಿಸಿನೀರಿನ ಪಂಪಿಗೆ ತಕ್ಕ ತಾಣ

ನಮ್ಮ ಹಳೆಯ ಮನೆಗಳ ಬಚ್ಚಲಿನಲ್ಲಿ ಒಲೆಯ ಮೇಲೆ ತಾಮ್ರದ ಹಂಡೆಯೊಂದು ಕದಲದೆ ಕುಳಿತಿರುತ್ತಿದ್ದಿತು. ತೆಂಗಿನ ಗರಿ, ಮಟ್ಟೆ, ಕರಟಗಳನ್ನು ಉರಿಸಿ ನೀರನ್ನು ಕಾಯಿಸುವುದು, ಚೊಂಬಿನಿಂದ ಮೊಗೆದು ತಣ್ಣೀರು ಬೆರೆಸಿ ಮೀಯುವುದು, ಇದು ವಾಡಿಕೆ. ಅಲ್ಲಿ ನೀರನ್ನು ಎತ್ತುವ ಯಂತ್ರವೆಂದರೆ ನಮ್ಮ ತೋಳೇ. ಆ ಯಂತ್ರವನ್ನು ಎಲ್ಲಿಡಬೇಕೆಂಬ ಪ್ರಶ್ನೆ ಯಾರಿಗೂ ಹುಟ್ಟಿರಲಿಲ್ಲ.

ಈಗ ಹಂಡೆಯು ತಾರಸಿಗೆ ಏರಿದೆ. ೨೦೦೭ರಲ್ಲಿ ಕರ್ನಾಟಕ ಸರ್ಕಾರವು ಗೊತ್ತಾದ ಅಳತೆಯನ್ನು ಮೀರಿದ ಹೊಸ ಕಟ್ಟಡಗಳಿಗೆ ಸೌರ ಜಲತಾಪಕವನ್ನು ಕಡ್ಡಾಯಗೊಳಿಸಿತು. ಜನರು ಅದನ್ನು ಸರಳವಾಗಿ ‘ಸೋಲಾರ್’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಮಾತ್ರವೇ ಅಲ್ಲ, ಸಣ್ಣ ಊರುಗಳಲ್ಲಿಯೂ ಮನೆಗಳ ನೆತ್ತಿಯ ಮೇಲೆ ಈ ಉರುಳೆಗಳು ಬಿಸಿಲು ಕಾಯಿಸಿಕೊಳ್ಳುತ್ತ ಮಲಗಿರುವುದನ್ನು ಕಾಣಬಹುದು. ಸೌದೆಯ ಹೊಗೆ ತಪ್ಪಿತು. ವಿದ್ಯುತ್ತಿನ ಖರ್ಚು ಇಳಿಯಿತು. ಆದರೆ ನೀರಿನ ಜೋರು ಸಾಲದೆಂದು ಬಿಸಿನೀರಿನ ಕೊಳವೆಗೆ ಸಣ್ಣದೊಂದು ಪಂಪನ್ನು ಜೋಡಿಸುವ ರೂಢಿ ಹಬ್ಬಿದಂತೆ, ಹಳೆಯ ಹಂಡೆಗೆ ಇರದಿದ್ದ ಹೊಸ ತೊಡಕೊಂದು ಹುಟ್ಟಿಕೊಂಡಿದೆ. ಹುಲಿಯೂರುದುರ್ಗದ ಒಂದು ಮನೆಯಲ್ಲಿ ನಾವು ಕಂಡ ಸಂಗತಿಯಿಂದ ಅದನ್ನು ವಿವರಿಸುವುದು ಸುಲಭ.

ಬೇಸಗೆಯಲ್ಲಿ ಮುಷ್ಕರ ಹೂಡಿದ ಪಂಪು

ಕುಣಿಗಲಿನಿಂದ ಮದ್ದೂರಿಗೆ ಹೋಗುವ ಹಾದಿಯಲ್ಲಿ ಬೋಳುಬಂಡೆಯ ದುರ್ಗವೊಂದು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಅದರ ಅಡಿಯ ಊರಿನಲ್ಲಿ ನಮ್ಮ ಸೋದರಮಾವನ ಮನೆ. ಕೆಳಗೆ ಅಂಗಡಿ, ಮೇಲೆ ವಾಸ. ಎಂಬತ್ತು ದಾಟಿದ ಅಜ್ಜಿಯವರು ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ಬಗ್ಗಿ ನೀರು ಮೊಗೆಯಲಾರರು. ಬಚ್ಚಲಿನಲ್ಲಿ ಕುರ್ಚಿಯ ಮೇಲೆ ಕುಳ್ಳಿರಿಸಿ ಕೈಯಲ್ಲಿ ಹಿಡಿಯುವ ಷವರಿನಿಂದ ನೀರೆರೆಯಬೇಕು. ಆದರೆ ಬಿಸಿನೀರಿನ ಉರುಳೆಯು ಷವರಿಗಿಂತ ಎರಡು ಮೀಟರಿಗೆ ತುಸು ಮೇಲೆ ಮಾತ್ರವೇ ಇದ್ದುದರಿಂದ ನೀರು ಸೊರಗಿ ಬರುತ್ತಿದ್ದಿತು. ಅದಕ್ಕಾಗಿ ಪಂಪು ಬಂದಿತು.

ಪ್ಲಂಬರ್ ಮೇಸ್ತ್ರಿಯು ಅದನ್ನು ಮಹಡಿಯ ಮೆಟ್ಟಲಿನ ಕೋಣೆಯ ಮೇಲೆ, ತಣ್ಣೀರಿನ ಟ್ಯಾಂಕಿನ ಅಡಿಯ ಸಂದಿಯಲ್ಲಿ ಕೂರಿಸಿದ್ದನು. ಮಳೆ ತಾಗದ ಜಾಗ. ವಿದ್ಯುತ್ತಿನ ತಂತಿ ಕೈಗೆ ಸಿಗುವ ಜಾಗ. ಉರುಳೆಯಿಂದ ಹೊರಟ ಅರ್ಧ ಅಂಗುಲದ ಕೊಳವೆಯು ಎಂಟು ಮೀಟರು ಸುತ್ತಿ, ಎಂಟು ಕಡೆ ಎಲ್ಬೋಗಳಲ್ಲಿ ತಿರುಗಿ, ನೀರಿನ ಮಟ್ಟಕ್ಕಿಂತ ಸುಮಾರು ಎರಡು ಮೀಟರು ಮೇಲಕ್ಕೆ ಏರಿ ಪಂಪನ್ನು ಸೇರುತ್ತಿದ್ದಿತು. ಅಲ್ಲಿಂದ ಮತ್ತೆ ಕೆಳಗಿಳಿದು ಬಚ್ಚಲಿಗೆ.

ವಿಚಿತ್ರವೆಂದರೆ, ಮಳೆಗಾಲದಲ್ಲಿ ಕೂರಿಸಿದಾಗ ಈ ಪಂಪು ಸೊಗಸಾಗಿಯೇ ದುಡಿಯಿತು. ಮಾರ್ಚ್ ತಿಂಗಳು ಬಂದೊಡನೆ ಜಲ್ಲಿಕಲ್ಲು ಅರೆಯುವಂತೆ ಗರಗರ ಸದ್ದು ಮಾಡುತ್ತ ನೀರನ್ನು ಕೊಡದಾಯಿತು. ಕೆಟ್ಟಿತೆಂದು ತಿಳಿದು ಹೊಸದನ್ನು ತಂದರು. ಅದೂ ಬೆಳಗಿನ ಜಾವ ಸರಿಯಾಗಿ ನಡೆದು, ಮಧ್ಯಾಹ್ನ ಮೊದಲಿನದರಂತೆಯೇ ಗೊಣಗತೊಡಗಿತು. ಒಂದು ದಿನ ಷವರು ಸ್ವಲ್ಪ ಹೊತ್ತು ಬರಿಯ ಗಾಳಿಯನ್ನು ಉಗುಳಿ, ಥಟ್ಟನೆ ಕುದಿಬಿಸಿ ನೀರನ್ನು ಎರಚಿತು. ಅಜ್ಜಿಯವರ ಭುಜ ಕೆಂಪಗಾಗಿ ಬೊಬ್ಬೆ ಎದ್ದಿತು. ಆ ಬಳಿಕ ಅವರು ಷವರೆಂದರೆ ಹೆದರುವಂತಾದರು.

ಏಪ್ರಿಲ್ ರಜೆಯಲ್ಲಿ ನಾವು ಅಲ್ಲಿಗೆ ಹೋದಾಗ ಮಾವನವರು, “ನೋಡಪ್ಪ, ನೀನು ಕಾಲೇಜಿನಲ್ಲಿ ಇದನ್ನೇ ಪಾಠ ಹೇಳೋನು. ಎರಡು ಪಂಪು ಹಾಳಾಯ್ತು. ಸೋಲಾರ್ ಕಿತ್ತು ಹಾಕಿ ಕರೆಂಟಿನ ಗೀಜರ್ ಇಡಿಸಿಬಿಡೋಣ ಅಂತಿದೀನಿ. ಏನಂತೀಯ?” ಎಂದರು.

ಪಂಪು ಕೆಟ್ಟಿರಲಿಲ್ಲ, ಉರುಳೆಯೂ ಕೆಟ್ಟಿರಲಿಲ್ಲ. ಕೆಟ್ಟಿದ್ದುದು ಅವೆರಡರ ನಡುವಣ ಸಂಬಂಧ. ಒಂದೇ ಪಂಪು ತಣ್ಣನೆಯ ನೀರನ್ನು ಎತ್ತಿ ಬಿಸಿನೀರನ್ನು ಎತ್ತಲಾರದೆ ಹೋದುದೇಕೆ? ಇದಕ್ಕೆ ಉತ್ತರವನ್ನು ಹುಡುಕಲು ನಾವು ಸುಮಾರು ನಾಲ್ಕು ನೂರು ವರ್ಷ ಹಿಂದಕ್ಕೆ ಹೋಗಬೇಕು.

ನೀರನ್ನು ಎಳೆಯುವವರು ಯಾರು?

ಪಂಪು ನೀರನ್ನು ಎಳೆಯುತ್ತದೆಂದು ನಾವೆಲ್ಲರೂ ಹೇಳುತ್ತೇವೆ. ಎಳನೀರನ್ನು ಹೀರುಗೊಳವೆಯಿಂದ ಎಳೆದು ಕುಡಿಯುತ್ತೇವೆಂದೂ ಹೇಳುತ್ತೇವೆ. ಎರಡು ಮಾತುಗಳೂ ರೂಢಿಯ ಮಾತುಗಳೇ ಹೊರತು ನಿಜವಲ್ಲ. ನೀರು ಹಗ್ಗವಲ್ಲ, ತುದಿಯನ್ನು ಹಿಡಿದು ಜಗ್ಗಲು ಬಾರದು. ನಾವು ಬಾಯಿಯೊಳಗಣ ಒತ್ತಡವನ್ನು ತಗ್ಗಿಸುತ್ತೇವೆ, ಅಷ್ಟೆ. ಎಳನೀರಿನ ಮೇಲೆ ಕುಳಿತ ಹೊರಗಣ ಗಾಳಿಯು ಅದನ್ನು ಕೊಳವೆಯೊಳಕ್ಕೆ ನೂಕುತ್ತದೆ.

೧೬೩೮ರಲ್ಲಿ ಪ್ರಕಟವಾದ ತನ್ನ ಕೊನೆಯ ಗ್ರಂಥದಲ್ಲಿ ಗೆಲಿಲಿಯೋ, ಹೀರುವ ಪಂಪು ಹದಿನೆಂಟು ಮೊಳಕ್ಕಿಂತ ಹೆಚ್ಚು ಎತ್ತರಕ್ಕೆ ನೀರನ್ನು ಏರಿಸಲಾರದೆಂಬ ಸಂಗತಿಯನ್ನು ಹೇಳಿದ್ದಾನೆ. ಅದರ ನಿಜವಾದ ಕಾರಣವನ್ನು ತೋರಿಸಿದವನು ಅವನ ಶಿಷ್ಯ ಟಾರಿಚೆಲ್ಲಿ. ನಾವು ಗಾಳಿಯ ಕಡಲಿನ ತಳದಲ್ಲಿ ಬದುಕುತ್ತಿರುವೆವು. ಆ ಕಡಲಿನ ತೂಕವೇ ನೀರನ್ನು ಕೊಳವೆಯಲ್ಲಿ ಏರಿಸುವುದು. ತೂಕ ಎಷ್ಟೋ ಏರಿಕೆಯೂ ಅಷ್ಟೇ. ೧೬೪೮ರಲ್ಲಿ ಪಾಸ್ಕಲನ ಭಾವಮೈದುನ ಪೆರಿಯೆ, ಫ್ರಾನ್ಸಿನ ಪ್ವಿ ದ ದೋಮ್ ಬೆಟ್ಟದ ಮೇಲೆ ಪಾದರಸದ ನಳಿಗೆಯನ್ನು ಪರೀಕ್ಷಿಸಿ, ಮೇಲೇರಿದಂತೆ ಈ ತೂಕವು ಕಡಮೆಯಾಗುವುದನ್ನು ಕಣ್ಣಾರೆ ಕಂಡನು.

ಸಮುದ್ರದಂಡೆಯಲ್ಲಿ ಗಾಳಿಯ ತೂಕವು ೧೦.೩ ಮೀಟರು ಎತ್ತರದ ನೀರಿನ ಕಂಬಕ್ಕೆ ಸಮ. ತುಮಕೂರು ಜಿಲ್ಲೆಯ ಈ ಭಾಗವು ಸಮುದ್ರಮಟ್ಟದಿಂದ ೮೦೦ ಮೀಟರುಗಳ ಆಸುಪಾಸಿನಲ್ಲಿರುವುದರಿಂದ ನಮ್ಮ ಪಾಲಿಗೆ ಬರುವುದು ಸುಮಾರು ೯.೪ ಮೀಟರು ಮಾತ್ರ. ಮಂಗಳೂರಿನ ಪಂಪಿಗಿಂತ ಹುಲಿಯೂರುದುರ್ಗದ ಪಂಪು ಹುಟ್ಟುವಾಗಲೇ ಸುಮಾರು ಒಂದು ಮೀಟರಿನಷ್ಟು ಬಡವ. ಈ ಬಂಡವಾಳದಿಂದಲೇ ಎಲ್ಲ ವೆಚ್ಚವೂ ನಡೆಯಬೇಕು.

ಇದೇ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯವನ್ನು ನೋಡಿದವರಿಗೆ ಗಾಳಿಯ ಈ ನೂಕುಬಲವು ಹೊಸದಲ್ಲ. ಕೆರೆ ತುಂಬಿ ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ, ಯಾರೂ ಬಾಗಿಲು ತೆರೆಯದಿದ್ದರೂ, ಅಲ್ಲಿಯ ಸೈಫನ್ನುಗಳು ತಾವಾಗಿ ಹರಿಯತೊಡಗುತ್ತವೆ. ನೀರನ್ನು ಸೈಫನ್ನಿನ ನೆತ್ತಿಯ ಮೇಲೆ ಹತ್ತಿಸುವುದೂ ಗಾಳಿಯ ತೂಕವೇ. ಕಟ್ಟೆಯ ಹೆಬ್ಬಾಯಿಗೂ ಬಚ್ಚಲಿನ ಪಂಪಿಗೂ ಪ್ರಕೃತಿಯು ವಿಧಿಸಿರುವ ಎಲ್ಲೆ ಒಂದೇ.

ಬಿಸಿನೀರು ಕೇಳುವ ಪಾಲು

ಇಷ್ಟು ತಿಳಿದರೂ ಒಂದು ಪ್ರಶ್ನೆ ಉಳಿಯುತ್ತದೆ. ೯.೪ ಮೀಟರಿನ ಬಂಡವಾಳವು ಮಳೆಗಾಲಕ್ಕೂ ಬೇಸಗೆಗೂ ಹೆಚ್ಚುಕಡಮೆ ಒಂದೇ. ಹಾಗಾದರೆ ಬೇಸಗೆಯಲ್ಲಿ ಅದು ಕರಗಿದುದು ಹೇಗೆ?

ನೀರು ಕುದಿಯುವುದಕ್ಕೆ ೧೦೦ ಡಿಗ್ರಿ ಸೆಲ್ಸಿಯಸ್ ಬೇಕೆಂದು ಶಾಲೆಯಲ್ಲಿ ಕಲಿಯುತ್ತೇವೆ. ಅದು ಸಮುದ್ರಮಟ್ಟದ ಮಾತು. ೮೦೦ ಮೀಟರು ಎತ್ತರದಲ್ಲಿ ಸುಮಾರು ೯೭ ಡಿಗ್ರಿಗೇ ಅನ್ನದ ಎಸರು ಕುದಿಯುತ್ತದೆ. ಒತ್ತಡವನ್ನು ಇನ್ನೂ ತಗ್ಗಿಸಿದರೆ ಇನ್ನೂ ಕಡಮೆ ಉಷ್ಣತೆಯಲ್ಲಿ ಕುದಿಯುತ್ತದೆ. ಪ್ರತಿಯೊಂದು ಉಷ್ಣತೆಯಲ್ಲಿಯೂ ನೀರಿನಿಂದ ಹೊರಬೀಳಲು ಹವಣಿಸುವ ಆವಿಗೆ ತನ್ನದೇ ಆದ ಒತ್ತಡವೊಂದಿದೆ. ಹೊರಗಣ ಒತ್ತಡವು ಅದಕ್ಕಿಂತ ಕೆಳಗಿಳಿದೊಡನೆ ನೀರು, ಉರಿಯಿಲ್ಲದೆಯೇ, ಕುದಿಯುತ್ತದೆ. ನೀರನ್ನು ನೀರಾಗಿಯೇ ಉಳಿಸಿಕೊಳ್ಳಬೇಕಾದರೆ ಗಾಳಿಯ ಬಂಡವಾಳದಲ್ಲಿ ಈ ಪಾಲನ್ನು ಮೀಸಲಾಗಿಡಬೇಕು.

ಆ ಪಾಲು ಎಷ್ಟು? ನೀರಿನ ಕಂಬದ ಲೆಕ್ಕದಲ್ಲಿ ಹೇಳುವುದಾದರೆ, ೨೫ ಡಿಗ್ರಿಯಲ್ಲಿ ಸುಮಾರು ೦.೩ ಮೀಟರು, ೪೦ ಡಿಗ್ರಿಯಲ್ಲಿ ೦.೮, ೬೦ ಡಿಗ್ರಿಯಲ್ಲಿ ೨, ೭೦ ಡಿಗ್ರಿಯಲ್ಲಿ ೩.೨, ೮೦ ಡಿಗ್ರಿಯಲ್ಲಿ ೪.೮ ಮೀಟರು. ಉಷ್ಣತೆಯು ಎರಡರಷ್ಟಾದರೆ ಪಾಲೂ ಎರಡರಷ್ಟಾಗುವುದಿಲ್ಲ. ೪೦ರಿಂದ ೮೦ಕ್ಕೆ ಏರುವಷ್ಟರಲ್ಲಿ ಅದು ಆರು ಮಡಿಗಿಂತಲೂ ಹೆಚ್ಚುತ್ತದೆ. ಮಳೆಗಾಲದಲ್ಲಿ ಮಾವನವರ ಉರುಳೆಯ ನೀರು ೪೦ ಡಿಗ್ರಿಯನ್ನು ದಾಟುತ್ತಿರಲಿಲ್ಲ. ಏಪ್ರಿಲ್ ಮಧ್ಯಾಹ್ನ ನಾವು ಉಷ್ಣತಾಮಾಪಕವನ್ನು ಇಳಿಬಿಟ್ಟು ನೋಡಿದಾಗ ೮೦ ಡಿಗ್ರಿ ಇದ್ದಿತು.

ಈಗ ಜಮಾಖರ್ಚನ್ನು ಬರೆಯೋಣ. ಜಮೆ ೯.೪ ಮೀಟರು. ಪಂಪು ಎರಡು ಮೀಟರು ಎತ್ತರದಲ್ಲಿದ್ದುದರಿಂದ ಏರಿಕೆಗೆ ಖರ್ಚು ೨. ನಿಮಿಷಕ್ಕೆ ೧೫ ಲೀಟರು ನೀರು ಆ ಕಿರಿದಾದ ಕೊಳವೆಯಲ್ಲಿ ಎಂಟು ತಿರುವುಗಳನ್ನು ದಾಟಿ ಬರುವಾಗ ಉಜ್ಜಾಟಕ್ಕೆ ಆಗುವ ಖರ್ಚು ಸುಮಾರು ೨. ಉಳಿದುದು ೫.೪. ನೀರು ೪೦ ಡಿಗ್ರಿಯಲ್ಲಿದ್ದಾಗ ಆವಿಯ ಪಾಲು ೦.೮ ಹೋಗಿ ೪.೬ ಉಳಿಯುತ್ತದೆ, ೮೦ ಡಿಗ್ರಿಯಲ್ಲಿದ್ದಾಗ ೪.೮ ಹೋಗಿ ಉಳಿಯುವುದು ೦.೬ ಮಾತ್ರ. ಪಂಪಿನ ಚಕ್ರದೊಳಕ್ಕೆ ನೀರು ನುಗ್ಗುವಾಗ ಅಲ್ಲಿಯೂ ಒತ್ತಡವು ಇನ್ನಷ್ಟು ಕುಸಿಯುವುದರಿಂದ ಪಂಪಿಗೆಂದು ಕೈಯಲ್ಲಿ ಒಂದಷ್ಟು ಉಳಿತಾಯವಿರಲೇಬೇಕು. ಅದು ಪಂಪಿನಿಂದ ಪಂಪಿಗೆ ಬೇರೆಯಾಗುತ್ತದೆ. ಇಲ್ಲಿ ೨.೫ ಮೀಟರು ಎಂದಿಟ್ಟುಕೊಂಡರೆ, ಮಳೆಗಾಲದಲ್ಲಿ ಪಂಪು ದುಡಿದುದೂ ಬೇಸಗೆಯಲ್ಲಿ ಸೋತುದೂ ತಾನಾಗಿ ತಿಳಿಯುತ್ತದೆ. ೬೦ ಡಿಗ್ರಿಯವರೆಗೆ ಹೇಗೋ ಸಾಗುತ್ತಿದ್ದ ಸಂಸಾರವು ೭೦ ದಾಟುವಷ್ಟರಲ್ಲಿ ಸಾಲಕ್ಕೆ ಬೀಳುತ್ತಿದ್ದಿತು.

ಗುಳ್ಳೆಯ ಪೆಟ್ಟು

ಸಾಲಕ್ಕೆ ಬಿದ್ದಾಗ ಪಂಪಿನೊಳಗೆ ನಡೆಯುವುದೇನು? ಚಕ್ರದ ನಡುವಿನಲ್ಲಿ ನೀರು ಕುದಿದು ಸಾಸಿವೆಯಂತಹ ಅಸಂಖ್ಯ ಆವಿಗುಳ್ಳೆಗಳು ಹುಟ್ಟುತ್ತವೆ. ಅಲ್ಲಿಂದ ಅಂಚಿನ ಕಡೆಗೆ ಸರಿದೊಡನೆ ಒತ್ತಡವು ಏರುತ್ತದೆ; ಗುಳ್ಳೆಗಳು ಥಟ್ಟನೆ ಕುಸಿಯುತ್ತವೆ; ಸುತ್ತಣ ನೀರು ಆ ಬರಿದಾದ ಜಾಗಕ್ಕೆ ಅಪ್ಪಳಿಸುತ್ತದೆ. ಇದನ್ನು ವಿಜ್ಞಾನಿಗಳು ಕ್ಯಾವಿಟೇಷನ್ ಎನ್ನುತ್ತಾರೆ; ನಾವು ಗುಳ್ಳೆಬಡಿತ ಎನ್ನಬಹುದು. ಮಾವನವರ ಮನೆಯಲ್ಲಿ ಕೇಳಿಬಂದ ಜಲ್ಲಿಯ ಸದ್ದು ಈ ಬಡಿತದ್ದೇ. ಒಂದು ಗುಳ್ಳೆಯ ಪೆಟ್ಟು ಲೆಕ್ಕಕ್ಕಿಲ್ಲ. ಬಿಡುವಿಲ್ಲದೆ ಬೀಳುವ ಪೆಟ್ಟುಗಳು ಲೋಹವನ್ನೇ ಹುಳು ತಿಂದಂತೆ ಕೊರೆಯಬಲ್ಲವು.

ಹಡಗು ಕಟ್ಟುವವರಿಗೆ ಈ ಪೀಡೆಯ ಪರಿಚಯವಾದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್, ಆವಿಯ ಟರ್ಬೈನಿನಿಂದ ನಡೆಯುವ ‘ಟರ್ಬೀನಿಯ’ ಎಂಬ ಹಡಗನ್ನು ೧೮೯೪ರಲ್ಲಿ ನೀರಿಗಿಳಿಸಿದಾಗ ಅದು ನಿರೀಕ್ಷಿಸಿದ ವೇಗವನ್ನು ಮುಟ್ಟಲಿಲ್ಲ. ಬಲು ವೇಗವಾಗಿ ಸುತ್ತುವ ನೂಕುಚಕ್ರದ ಸುತ್ತ ಗುಳ್ಳೆಗಳು ಕವಿದುಕೊಂಡು, ಚಕ್ರಕ್ಕೆ ನೀರಿನ ಹಿಡಿತವೇ ಸಿಗುತ್ತಿರಲಿಲ್ಲ. ಇದನ್ನು ಕಣ್ಣಾರೆ ಕಾಣಬೇಕೆಂದು ಪಾರ್ಸನ್ಸ್ ೧೮೯೫ರಲ್ಲಿ ಗಾಜಿನ ಕಿಟಕಿಯುಳ್ಳ ಸಣ್ಣ ತೊಟ್ಟಿಯೊಂದನ್ನು ಮಾಡಿಸಿ, ಅದರೊಳಗೆ ಪುಟ್ಟ ಚಕ್ರವನ್ನು ತಿರುಗಿಸಿದನು. ಗುಳ್ಳೆಗಳು ಸುಲಭವಾಗಿ ಏಳಲೆಂದು ಅವನು ಮಾಡಿದ ಉಪಾಯವೇನು ಗೊತ್ತೆ? ನೀರನ್ನು ಕುದಿಯುವ ಮಟ್ಟದ ಹತ್ತಿರಕ್ಕೆ ಕಾಯಿಸಿದುದು! ಪಾರ್ಸನ್ಸ್ ಬೇಕೆಂದೇ ಮಾಡಿಕೊಂಡ ಏರ್ಪಾಡು ನಮ್ಮ ತಾರಸಿಯಲ್ಲಿ ಬೇಡವೆಂದರೂ ಆಗಿದ್ದಿತು. ಅವನು ಮುಂದೆ ಒಂದು ಚಕ್ರದ ಬದಲು ಒಂಬತ್ತು ಚಕ್ರಗಳಿಗೆ ಭಾರವನ್ನು ಹಂಚಿದನು. ೧೮೯೭ರ ನೌಕಾಪ್ರದರ್ಶನದಲ್ಲಿ ಟರ್ಬೀನಿಯ ಉಳಿದೆಲ್ಲ ಹಡಗುಗಳನ್ನೂ ಹಿಂದೆ ಹಾಕಿತು. ಗುಳ್ಳೆ ಕುಸಿಯುವಾಗ ಹುಟ್ಟುವ ಅಗಾಧ ಒತ್ತಡವನ್ನು ೧೯೧೭ರಲ್ಲಿ ಗಣಿತದಿಂದ ತೋರಿಸಿದವನು ಲಾರ್ಡ್ ರ‍್ಯಾಲಿ.

ಇದನ್ನು ಓದುಗರು ಮನೆಯಲ್ಲಿಯೇ ಪರೀಕ್ಷಿಸಬಹುದು. ಸೂಜಿಯಿಲ್ಲದ ದೊಡ್ಡ ಪಿಚಕಾರಿಯೊಂದರಲ್ಲಿ, ಎಂದರೆ ಔಷಧ ಕುಡಿಸಲು ಬಳಸುವ ಸಿರಿಂಜಿನಲ್ಲಿ, ಕಾಲುಭಾಗ ಬಿಸಿನೀರನ್ನು ತುಂಬಿ, ಗಾಳಿಯನ್ನು ಹೊರಗಟ್ಟಿ, ಬಾಯನ್ನು ರಬ್ಬರು ಬಿರಟೆಯಿಂದ ಭದ್ರವಾಗಿ ಮುಚ್ಚಿ ಕೊಂತವನ್ನು ಹಿಂದಕ್ಕೆ ಎಳೆಯಿರಿ. ನೀರು ಕಣ್ಣೆದುರಿಗೇ ತಳಮಳಿಸಿ ಕುದಿಯುವುದು. ತಣ್ಣೀರಿನಲ್ಲಿ ಹೀಗೆ ಮಾಡಿದರೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವುದು, ಅಷ್ಟೆ. ಕೈ ಸುಟ್ಟುಕೊಳ್ಳದಂತೆ ಬಟ್ಟೆಯಿಂದ ಹಿಡಿಯಬೇಕು. ಮಕ್ಕಳು ದೊಡ್ಡವರ ಎದುರಿನಲ್ಲಿಯೇ ಮಾಡಬೇಕು.

ಕರಗಿದ ಗಾಳಿಯ ಕಾಟ

ಆವಿಯೊಂದೇ ಅಲ್ಲ, ಗಾಳಿಯೂ ಈ ಕಥೆಯಲ್ಲಿ ಪಾತ್ರಧಾರಿ. ನೀರಿನ ಪಾತ್ರೆಯನ್ನು ಒಲೆಯ ಮೇಲಿಟ್ಟಾಗ, ಕುದಿಯುವುದಕ್ಕೆ ಬಹಳ ಮುಂಚೆಯೇ, ಒಳಗೋಡೆಗೆ ಸಣ್ಣ ಗುಳ್ಳೆಗಳು ಅಂಟಿಕೊಳ್ಳುವುದನ್ನು ಎಲ್ಲರೂ ನೋಡಿದ್ದಾರೆ. ಅವು ಆವಿಯಲ್ಲ, ತಣ್ಣೀರಿನಲ್ಲಿ ಕರಗಿದ್ದ ಗಾಳಿ. ಸಮುದ್ರಮಟ್ಟದಲ್ಲಿ ಗಾಳಿಗೆ ತೆರೆದಿಟ್ಟ ಒಂದು ಲೀಟರು ನೀರು ೨೫ ಡಿಗ್ರಿಯಲ್ಲಿ ಸುಮಾರು ೮ ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. ೬೦ ಡಿಗ್ರಿಯಲ್ಲಿ ೫ ಮಿಲಿಗ್ರಾಮಿಗೂ ಕಡಮೆ. ಹೆಚ್ಚಾದುದು ಹೊರಬರಲೇಬೇಕು. ಸೌರ ಉರುಳೆಯಲ್ಲಿ ಪ್ರತಿದಿನವೂ ಹೀಗೆ ಹೊರಬಿದ್ದ ಗಾಳಿಯು ಮೇಲ್ಭಾಗದಲ್ಲಿ ಸೇರುತ್ತದೆ. ಅಲ್ಲಿಂದ ಗಾಳಿಕೊಳವೆಯ ಮೂಲಕ ಹೊರಕ್ಕೆ ಹೋಗಬೇಕು.

ಆದರೆ ಉರುಳೆಯಿಂದ ಹೊರಟ ಕೊಳವೆಯು ಏರಿ, ಪಂಪನ್ನು ಮುಟ್ಟಿ, ಮತ್ತೆ ಇಳಿದರೆ, ಆ ನೆತ್ತಿಯಲ್ಲಿ ಗಾಳಿಯು ಗೂಡು ಕಟ್ಟುತ್ತದೆ. ಪಂಪಿನ ಚಕ್ರವು ನೀರನ್ನು ನೂಕಬಲ್ಲುದೇ ಹೊರತು ಗಾಳಿಯನ್ನಲ್ಲ. ಚಕ್ರದ ತುಂಬ ಗಾಳಿಯಿದ್ದರೆ ಅದು ಬರಿದೆ ಸುತ್ತುತ್ತದೆ. ನೀರಿನಿಂದ ತಂಪು ಪಡೆಯಬೇಕಾದ ಅದರ ಮುದ್ರೆಗಳು ಒಣಗಿ ಸವೆಯುತ್ತವೆ. ನಡುನಡುವೆ ಗಾಳಿಯ ಗೂಡು ಒಡೆದಾಗ ಷವರು ಉಸಿರುಗಟ್ಟಿ, ಆಮೇಲೆ ನೀರನ್ನು ಎರಚುತ್ತದೆ. ಅಜ್ಜಿಯವರ ಭುಜವನ್ನು ಸುಟ್ಟ ನೀರು ಬಂದುದು ಹೀಗೆ.

ಹಾಗಾದರೆ ಎಲ್ಲಿಡಬೇಕು?

ನಾವು ಪಂಪನ್ನು ಕೆಳಗಿಳಿಸಬೇಕೆಂದಾಗ ಮೇಸ್ತ್ರಿಯು ಒಪ್ಪಲಿಲ್ಲ. “ಅದೆಂಗೆ ಸ್ವಾಮಿ? ಮೇಲಿದ್ರೇನೇ ಅಲ್ವಾ ನೀರು ಜೋರಾಗಿ ಬೀಳೋದು? ಟ್ಯಾಂಕೂ ಅದಕ್ಕೇ ಅಲ್ವಾ ಮೇಲಿಡೋದು?” ಎಂದನು. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಎತ್ತರವು ಬಲ ಕೊಡುವುದು ಟ್ಯಾಂಕಿಗೆ, ಪಂಪಿಗಲ್ಲ. ಪಂಪು ನೀರಿಗೆ ಕೂಡಿಸುವ ಒತ್ತಡವು ಅದನ್ನು ಮೇಲಿಟ್ಟರೂ ಕೆಳಗಿಟ್ಟರೂ ಅಷ್ಟೇ. ಆದರೆ ನೀರು ಪಂಪಿನವರೆಗೆ ಬಂದು ಮುಟ್ಟುವ ಬಲವು ಮಾತ್ರ ಪಂಪಿನ ತಾಣವನ್ನು ಅವಲಂಬಿಸಿದೆ. ಆದುದರಿಂದ ನಿಯಮವು ಸರಳ: ಪಂಪು ಬಿಸಿನೀರಿನ ಉರುಳೆಯ ಹತ್ತಿರವಿರಲಿ, ಉರುಳೆಗಿಂತ ಕೆಳಗಿರಲಿ. ಮಾತಿಗಿಂತ ಅಜ್ಜಿಯವರ ಔಷಧದ ಸಿರಿಂಜೇ ಹೆಚ್ಚು ಕೆಲಸ ಮಾಡಿತು. ಬಿಸಿನೀರು ತನ್ನ ಕೈಯಲ್ಲಿಯೇ ಕುದಿದುದನ್ನು ಕಂಡ ಮೇಸ್ತ್ರಿಯು ಮರುಮಾತಿಲ್ಲದೆ ಸ್ಪ್ಯಾನರನ್ನು ಎತ್ತಿಕೊಂಡನು.

ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ತಣ್ಣೀರಿನ ತೊಟ್ಟಿ ಅಟ್ಟದ ಮೇಲೆ, ತಾಮ್ರದ ಬಿಸಿನೀರಿನ ಉರುಳೆ ಕೆಳಗಣ ಕಪಾಟಿನಲ್ಲಿ ಇರುತ್ತದೆ. ಅಲ್ಲಿಯೂ ಷವರಿನ ಪಂಪನ್ನು ಉರುಳೆಯ ಬುಡದಲ್ಲಿ ನೆಲದ ಮೇಲೆ ಕೂರಿಸುವುದೇ ಕ್ರಮ. ಗಾಳಿಯು ಉರುಳೆಯ ನೆತ್ತಿಯಲ್ಲಿ ಸೇರುವುದರಿಂದ, ಪಂಪಿಗೆ ಹೋಗುವ ನೀರನ್ನು ಗಾಳಿಕೊಳವೆಯ ದಾರಿಯಿಂದ ಕವಲೊಡೆಸದೆ, ನೆತ್ತಿಗಿಂತ ತುಸು ಕೆಳಗೆ ಬೇರೆಯೇ ಬಾಯಿಂದ ಪಡೆಯುತ್ತಾರೆ. ನೀರಿನ ಉಷ್ಣತೆಯನ್ನು ೬೦ರಿಂದ ೬೫ ಡಿಗ್ರಿಯ ಒಳಗೇ ಇಟ್ಟುಕೊಳ್ಳುತ್ತಾರೆ. ನಮ್ಮ ಸೂರ್ಯನಿಗೆ ಇಂತಹ ಕಟ್ಟುಪಾಡಿಲ್ಲ; ಆದುದರಿಂದ ನಮ್ಮ ಎಚ್ಚರವು ಇನ್ನೂ ಹೆಚ್ಚಾಗಿರಬೇಕು.

ಮಾವನವರ ಮನೆಯಲ್ಲಿ ಮಾಡಿದುದನ್ನು ಕ್ರಮವಾಗಿ ಹೇಳುತ್ತೇವೆ. ಮೊದಲನೆಯದಾಗಿ, ಪಂಪನ್ನು ತಾರಸಿಯ ನೆಲದ ಮೇಲೆ, ಉರುಳೆಯ ಕಾಲುಗಳ ಪಕ್ಕದಲ್ಲಿ ಎರಡು ಇಟ್ಟಿಗೆಯ ಜಗಲಿಯ ಮೇಲೆ ಕೂರಿಸಿ, ಬಿಸಿಲುಮಳೆಗಳು ತಾಗದಂತೆ, ಆದರೆ ಗಾಳಿಯಾಡುವಂತೆ, ತಗಡಿನ ಮರೆ ಕಟ್ಟಲಾಯಿತು. ಈಗ ನೀರಿನ ಮಟ್ಟವು ಪಂಪಿಗಿಂತ ೧.೨ ಮೀಟರು ಮೇಲೆ. ಹಿಂದೆ ಖರ್ಚಾಗಿದ್ದ ಏರಿಕೆಯು ಈಗ ಜಮೆಯಾಯಿತು.

ಎರಡನೆಯದಾಗಿ, ಉರುಳೆಯಿಂದ ಪಂಪಿಗೆ ಒಂದು ಅಂಗುಲದ ಕೊಳವೆಯನ್ನು, ಎರಡೇ ತಿರುವುಗಳಿಂದ, ಎಲ್ಲಿಯೂ ಮೇಲೇಳದೆ ಇಳಿಜಾರಾಗಿಯೇ ಸಾಗುವಂತೆ ಜೋಡಿಸಲಾಯಿತು. ಅದೇ ನೀರು ಹರಿಯುವಾಗ ಕೊಳವೆಯ ವ್ಯಾಸವನ್ನು ೧೫ ಮಿಲಿಮೀಟರಿನಿಂದ ೨೫ಕ್ಕೆ ಏರಿಸಿದರೆ ಉಜ್ಜಾಟದ ನಷ್ಟವು ಸುಮಾರು ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಸೀಮೆಯ ಕೊಳವೆಬಾವಿಯ ಗಡಸು ನೀರು ಕಾದಾಗ ಸುಣ್ಣವು ಕೊಳವೆಯ ಒಳಗೆ ಪದರ ಕಟ್ಟುವುದರಿಂದ, ಕಿರಿದಾದ ಕೊಳವೆಯು ವರ್ಷ ವರ್ಷಕ್ಕೂ ಇನ್ನೂ ಕಿರಿದಾಗುವುದನ್ನು ಮರೆಯಬಾರದು.

ಈಗ ಮತ್ತೆ ಲೆಕ್ಕ ಹಾಕಿದರೆ, ೮೦ ಡಿಗ್ರಿಯ ನೀರಿಗೂ ೯.೪ಕ್ಕೆ ೧.೨ ಕೂಡಿ, ಉಜ್ಜಾಟದ ೦.೨ ಮತ್ತು ಆವಿಯ ೪.೮ ಕಳೆದು, ೫.೬ ಮೀಟರು ಉಳಿಯುತ್ತದೆ. ಪಂಪಿಗೆ ಬೇಕಾದುದರ ಎರಡರಷ್ಟಕ್ಕೂ ಮಿಗಿಲು!

ಮೂರನೆಯದಾಗಿ, ಉರುಳೆಯ ಗಾಳಿಕೊಳವೆಯನ್ನು ಪರೀಕ್ಷಿಸಿದೆವು. ಕಣಜವು ಮಣ್ಣಿನಿಂದ ಅದರ ಬಾಯನ್ನು ಅರ್ಧ ಮುಚ್ಚಿದ್ದಿತು. ಇದು ಕೇವಲ ಕಸದ ವಿಷಯವಲ್ಲ. ಪಂಪು ನೀರನ್ನು ಸೆಳೆದಾಗ ಅದರ ಜಾಗಕ್ಕೆ ನೀರಾಗಲಿ ಗಾಳಿಯಾಗಲಿ ಬಾರದಿದ್ದರೆ ಉರುಳೆಯೊಳಗಣ ಒತ್ತಡವು ಕುಸಿಯುತ್ತದೆ. ಅದು ಕೇವಲ ಒಂದು ಮೀಟರು ನೀರಿನಷ್ಟು ಕುಸಿದರೂ, ಹೊರಗಿನ ಗಾಳಿಯು ಉರುಳೆಯ ಮೈಯ ಪ್ರತಿಯೊಂದು ಚದರ ಮೀಟರಿನ ಮೇಲೆ ಒಂದು ಟನ್ನಿನ ಭಾರದಂತೆ ಒತ್ತುತ್ತದೆ. ತೆಳುತಗಡಿನ ಉರುಳೆಯು ತುಳಿದ ಡಬ್ಬಿಯಂತೆ ನಗ್ಗಿಹೋಗಲು ಅಷ್ಟು ಸಾಕು. ಇದೇ ಕಾರಣದಿಂದ, ಉರುಳೆಗೆ ತಣ್ಣೀರನ್ನು ಒದಗಿಸುವ ಕೊಳವೆಯೂ ತೇಲುಗುಂಡಿನ ಕವಾಟವೂ ಪಂಪು ಸೆಳೆಯುವಷ್ಟು ನೀರನ್ನು ತಡೆಯಿಲ್ಲದೆ ಕೊಡುವಂತಿರಬೇಕು. ನಿಮಿಷಕ್ಕೆ ೧೫ ಲೀಟರೆಂದರೆ ಹತ್ತು ನಿಮಿಷದ ಸ್ನಾನಕ್ಕೆ ೧೫೦ ಲೀಟರು. ಕೊಡುವ ಕೈ ಸಣ್ಣದಾದರೆ ಪಂಪು ಗಾಳಿಯನ್ನೇ ಕುಡಿಯುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಬಿಸಿನೀರಿಗೆ ಮಾತ್ರ ಪಂಪು ಹಾಕಿ ತಣ್ಣೀರನ್ನು ಅದರ ಪಾಡಿಗೆ ಬಿಟ್ಟರೆ, ಬೆರೆಸುವ ನಲ್ಲಿಯಲ್ಲಿ ಬಲವುಳ್ಳ ಬಿಸಿನೀರು ಬಲವಿಲ್ಲದ ತಣ್ಣೀರನ್ನು ಹಿಂದಕ್ಕೆ ನೂಕುತ್ತದೆ. ಎಷ್ಟು ತಿರುಗಿಸಿದರೂ ನೀರು ಹದಕ್ಕೆ ಬಾರದು. ೬೦ ಡಿಗ್ರಿಯ ನೀರು ಕೆಲವೇ ಕ್ಷಣಗಳಲ್ಲಿ ಚರ್ಮವನ್ನು ಸುಡಬಲ್ಲುದು. ಮುದುಕರ ಮತ್ತು ಮಕ್ಕಳ ತೆಳುವಾದ ಚರ್ಮವನ್ನು ಇನ್ನೂ ಬೇಗ. ಆದುದರಿಂದ ತಣ್ಣೀರಿನ ಕೊಳವೆಗೂ ಅದೇ ಬಲದ ಇನ್ನೊಂದು ಪಂಪನ್ನು ಜೋಡಿಸಿ, ಎರಡನ್ನೂ ಒಂದೇ ಗುಂಡಿಯಿಂದ ನಡೆಯುವಂತೆ ಮಾಡಿಸಿದೆವು. ಷವರಿಗೆ ಮುಂಚೆ, ಉಷ್ಣತೆಯು ಗೊತ್ತಾದ ಮಿತಿಯನ್ನು ಮೀರದಂತೆ ತಾನೇ ತಣ್ಣೀರನ್ನು ಬೆರೆಸುವ ಕವಾಟವನ್ನೂ ಹಾಕಿಸಿದೆವು. ಇದರ ಖರ್ಚಿಗೆ ಮಾವನವರು ಮೊದಲು ಹಿಂದೆಗೆದರು. ಬೊಬ್ಬೆಯ ಕಲೆಯನ್ನು ನೆನೆದು ಒಪ್ಪಿದರು.

ಪಂಪು ಕೊಳ್ಳುವವರಿಗೆ ಇನ್ನೆರಡು ಮಾತುಗಳು. ಎಷ್ಟು ಉಷ್ಣತೆಯ ನೀರಿನವರೆಗೆ ಅದು ತಾಳುವುದೆಂಬುದನ್ನು ಅದರ ಜೊತೆಗೆ ಬರುವ ಕಾಗದದಲ್ಲಿ ಓದಿಕೊಳ್ಳಬೇಕು. ತಣ್ಣೀರಿಗೆಂದೇ ಮಾಡಿದ ಪಂಪು ನಮ್ಮ ಏಪ್ರಿಲ್ ತಿಂಗಳನ್ನು ತಾಳದು. ಮತ್ತು ಷವರು ತೆರೆದೊಡನೆ ತಾನಾಗಿ ನಡೆಯುವ ಪಂಪುಗಳಲ್ಲಿ ಹಲವು, ಮೊದಲು ನೀರು ತನ್ನ ಭಾರದಿಂದ ತುಸುವಾದರೂ ಹರಿದರೆ ಮಾತ್ರ ಎಚ್ಚರಗೊಳ್ಳುತ್ತವೆ. ಷವರು ನೀರಿನ ಮಟ್ಟಕ್ಕಿಂತ ಮೇಲಿರುವ ಮನೆಗಳಿಗೆ ಬೇರೆ ಜಾತಿಯ ಪಂಪು ಬೇಕು. ನೀರು ಮತ್ತು ವಿದ್ಯುತ್ತು ಒಂದೆಡೆ ಸೇರುವುದರಿಂದ ಭೂಸಂಪರ್ಕವನ್ನು ನುರಿತ ಕೆಲಸಗಾರರಿಂದಲೇ ಮಾಡಿಸತಕ್ಕದ್ದು.

ಸಂಜೆಯ ಸ್ನಾನ

ಕೆಲಸ ಮುಗಿದಾಗ ಬಿಸಿಲು ಇನ್ನೂ ದುರ್ಗದ ನೆತ್ತಿಯ ಮೇಲಿದ್ದಿತು. ಉರುಳೆಯ ನೀರು ೭೮ ಡಿಗ್ರಿ. ಮೇಸ್ತ್ರಿಯು ಗುಂಡಿಯನ್ನು ಒತ್ತಿದನು. ಜಲ್ಲಿಯ ಸದ್ದು ಕೇಳಲಿಲ್ಲ. ಜೇನುಹುಳುವಿನಂತಹ ಸಣ್ಣ ಗುಂಯ್‌ಕಾರ ಮಾತ್ರ. ‘ಹಾಳಾಗಿದೆ’ ಎಂದು ಮೂಲೆಗೆ ಎಸೆದಿದ್ದ ಮೊದಲನೆಯ ಪಂಪಿಗೆ ಹೊಸ ಮುದ್ರೆ ಹಾಕಿಸಿದಾಗ ಅದೂ ಸರಿಯಾಗಿ ನಡೆಯಿತು. ತಣ್ಣೀರಿನ ಕೊಳವೆಗೆ ಜೋಡಿಸಿದುದು ಅದನ್ನೇ. ಗೀಜರಿನ ಮಾತನ್ನು ಮಾವನವರು ಮತ್ತೆ ಎತ್ತಲಿಲ್ಲ.

ಅಜ್ಜಿಯವರು 마ತ್ರ ಸುಲಭಕ್ಕೆ ನಂಬಲಿಲ್ಲ. ಮೊದಲು ಬೆರಳ ತುದಿ, ಆಮೇಲೆ ಅಂಗೈ, ಆಮೇಲೆ ಮೊಳಕೈವರೆಗೆ ನೀರಿಗೆ ಒಡ್ಡಿ ನೋಡಿದರು. ಬಹಳ ಹೊತ್ತಾದ ಮೇಲೆ, “ಹಂಡೆ ನೀರಿನ ಹದಕ್ಕೇ ಇದೆ ಕಣೋ” ಎಂದರು. ಅಂದು ಅವರು ಕುರ್ಚಿಯ ಮೇಲೆ ಕುಳಿತು, ಹೆದರದೆ, ನೆಮ್ಮದಿಯಾಗಿ ಸ್ನಾನ ಮಾಡಿದರು.

ಬಿಸಿನೀರಿನ ಪಂಪು ಗೊಣಗತೊಡಗಿದರೆ ಅಂಗಡಿಗೆ ಓಡುವುದಕ್ಕೆ ಮುಂಚೆ ಒಮ್ಮೆ ತಾರಸಿಗೆ ಹತ್ತಿ ನೋಡಿರೆಂದು ನಾವು ಓದುಗರನ್ನು ಕೇಳಿಕೊಳ್ಳುತ್ತೇವೆ. ಪಂಪು ಉರುಳೆಗಿಂತ ಮೇಲಿದೆಯೆ, ಕೆಳಗಿದೆಯೆ? ನಡುವಣ ಕೊಳವೆ ಎಲ್ಲಿಯಾದರೂ ಗೂನು ಬೆನ್ನು ಮಾಡಿಕೊಂಡಿದೆಯೆ? ಗಾಳಿಕೊಳವೆಯ ಬಾಯಿ ತೆರೆದಿದೆಯೆ? ಈ ಮೂರನ್ನು ನೋಡಲು ಕಣ್ಣು ಸಾಕು.